ಡಬ್ಬಿ ಅಣ್ಣನದು, ಮುಚ್ಚಳ ತಮ್ಮನದು

ನಮ್ಮದು ತಗಡಿನ ಡಬ್ಬಿ ಮಾಡುವ ಅಂಗಡಿ. ಅಪ್ಪ ಶುರು ಮಾಡಿದ್ದು. ಅಪ್ಪನ ನಂತರ ನಾನು ಮತ್ತು ನನ್ನ ತಮ್ಮ. ನಾನು ಮೂರನೇ ತರಗತಿಗೆ ಶಾಲೆ ಬಿಟ್ಟವನು, ತಮ್ಮ ಏಳರವರೆಗೆ ಹೋದವನು. ಹೆಚ್ಚಿನ ಆ ನಾಲ್ಕು ತರಗತಿಯನ್ನು ಅವನು ಐವತ್ತು ವರ್ಷದಿಂದ ನನ್ನ ಮುಂದೆ ಓದುತ್ತಲೇ ಇದ್ದಾನೆ. ಅವನ ಹೆಂಡತಿ ಒಳಕೋಣೆಯಲ್ಲಿ ಡಬ್ಬಿಗಳಿಗೆ ಬಣ್ಣ ಹಚ್ಚುತ್ತಾಳೆ. ನಾವು ಮಾಡುವುದರಲ್ಲಿ ಅರ್ಧಕ್ಕರ್ಧ ಎದುರು ಬೀದಿಯ ಬೇಕರಿಗೆ ಹೋಗುತ್ತದೆ, ಬಿಸ್ಕತ್ತು ತುಂಬಲು. ಬೇಕರಿಯವರು ಕೈಬಿಟ್ಟರೆ ನಮ್ಮ ಮನೆಯ ಒಲೆಯೂ ಅರ್ಧ ಆರಿದ ಹಾಗೆ.

ಒಂದು ದಿನ ತಮ್ಮ ಕ್ಷೌರ ಮಾಡಿಸಿಕೊಂಡು ಓಡಿ ಬಂದ, ಅರ್ಧ ಮುಖಕ್ಕೆ ಮಾತ್ರ. ಇನ್ನರ್ಧದಲ್ಲಿ ಸೋಪಿನ ನೊರೆ ಒಣಗುತ್ತಿತ್ತು.

“ಅಣ್ಣಾ, ವ್ಯಾಪಾರ ಹತ್ತು ಲಕ್ಷ ದಾಟಿದ್ರೆ ವ್ಯಾಟ್ ಅಂತ ಒಂದು ತೆರಿಗೆ ಇದೆಯಂತೆ. ಹೆಸರು ನೋಂದಾಯಿಸಬೇಕಂತೆ. ಇಲ್ಲದಿದ್ರೆ ಅಂಗಡಿಗೆ ಬೀಗ!”

“ಯಾರು ಹೇಳಿದ್ದು?”

“ಕ್ಷೌರದವನು.”

“ಅವನು ನೋಂದಾಯಿಸಿದಾನಾ?”

“ಅವನದು ಬರೀ ಕೂದಲು, ಅಣ್ಣಾ. ಎಷ್ಟು ಕತ್ತರಿಸಿದ್ರೂ ಗುಡಿಸಿ ಹಾಕೋದೇ. ನಮ್ಮದು ತಗಡು. ನಾವು ಎಷ್ಟು ಮಾರಿದೀವಿ, ನೆನಪು ಮಾಡ್ಕೊಂಡು ಹೇಳು.”

ಎಡವಿದ್ದು ಇಲ್ಲಿಯೇ. ಬರೆದಿಟ್ಟು ರೂಢಿಯಿಲ್ಲದವನಿಗೆ ನೆನಪೇ ಪುಸ್ತಕ. ಪುಸ್ತಕ ತೆರೆದ ಮೇಲೆ ನಾನು ಮೊದಲ ಹಾಳೆಯಿಂದಲೇ ಓದುವವನು. ಅಪ್ಪ ಮಾರಿದ ಮೊದಲ ಡಬ್ಬಿ ಸೂಲಗಿತ್ತಿಗೆ. ಮುಚ್ಚಳ ಬಿಗಿಯಾಯಿತೆಂದು ಆಕೆ ಎರಡು ದಿನದ ಮೇಲೆ ವಾಪಸು ತಂದಿದ್ದಳು. ಅದನ್ನು ಕಳೆದೆ. ಹೀಗೆ ಮೂರು ಮಧ್ಯಾಹ್ನ ನಾನು ಹೇಳಿದೆ, ತಮ್ಮ ಮೊಳೆಯಲ್ಲಿ ತಗಡಿನ ಮೇಲೆ ಗೀಚಿದ. ಕೂಡಿದರೆ ಹನ್ನೊಂದು ಲಕ್ಷದ ನಾಲ್ಕು ಸಾವಿರ.

ತಮ್ಮ ಆ ತಗಡನ್ನೇ ಎದೆಗೆ ಹಿಡಿದುಕೊಂಡು ಕೂತುಬಿಟ್ಟ. ಸ್ವಲ್ಪ ಹೊತ್ತಿಗೆ ಅವನ ಏಳನೇ ತರಗತಿ ಕೆಲಸ ಮಾಡಿತು.

“ಇಬ್ಬರಿಗೆ ಹಂಚಿದ್ರೆ ತಲೆಗೆ ಐದೂವರೆ ಲಕ್ಷ. ಯಾರೂ ದಾಟಲ್ಲ! ಇವತ್ತಿಂದ ಎರಡು ಅಂಗಡಿ. ಡಬ್ಬಿ ನಿಂದು, ಮುಚ್ಚಳ ನಂದು.”

ಹೆಂಡತಿಯ ಕೆಂಪು ಬಣ್ಣದ ಡಬ್ಬ ತಂದು ಬಾಗಿಲಿಂದ ಹಿಂದಿನ ಗೋಡೆಯವರೆಗೆ ನೆಲದ ನಡುವೆ ಗೆರೆ ಎಳೆದ. ಸೀಮೆಸುಣ್ಣ ಸಾಲದೇನೋ ಎಂದೆ. “ಅಳಿಸಿಹೋಗುತ್ತೆ, ಕಾನೂನು ಗಟ್ಟಿಯಾಗಿರಬೇಕು” ಎಂದ. ಸುತ್ತಿಗೆ ಮಾತ್ರ ಇದ್ದದ್ದು ಒಂದೇ. ಅದು ಗೆರೆಯ ಮೇಲೆಯೇ ಇರಬೇಕೆಂದು ತೀರ್ಮಾನವಾಯಿತು.

ಬಂದವರು ನನ್ನ ಮೇಜಿನಲ್ಲಿ ಡಬ್ಬಿ ಕೊಂಡು ಚೀಟಿ ಪಡೆದು, ಒಂದು ಹೆಜ್ಜೆ ಆಚೆ ಹೋಗಿ ತಮ್ಮನ ಹತ್ತಿರ ಮುಚ್ಚಳ ಕೊಂಡು ಇನ್ನೊಂದು ಚೀಟಿ ಪಡೆಯಬೇಕು. ವಾರದಲ್ಲೇ ಒಂದು ವಿಷಯ ಬಯಲಾಯಿತು: ಜನ ಡಬ್ಬಿ ಕಳೆದುಕೊಳ್ಳುವುದಿಲ್ಲ, ಮುಚ್ಚಳ ಕಳೆದುಕೊಳ್ಳುತ್ತಾರೆ. ಬರೀ ಮುಚ್ಚಳ ಸಿಗುತ್ತದೆಂದು ಗೊತ್ತಾದದ್ದೇ ತಡ, ತಮ್ಮನ ಕಡೆ ಸಾಲು ನಿಂತಿತು. ನನ್ನ ಕಡೆ ಡಬ್ಬಿಗಳು ಬಾಯಿ ತೆರೆದುಕೊಂಡು ಕೂತಿದ್ದವು.

“ನಿನ್ನ ವ್ಯಾಪಾರ ಯಾಕೋ ಡಲ್ಲು, ಅಣ್ಣಾ” ಎನ್ನುತ್ತಿದ್ದ ತಮ್ಮ, ಮುಚ್ಚಳ ಒರೆಸುತ್ತಾ.

“ಮುಚ್ಚಳ ಇರೋರು ಮುಚ್ಚಿಕೊಂಡಿದ್ರೆ ಚೆನ್ನ” ಎಂದು ಒಳಗಿಂದ ಅವನ ಹೆಂಡತಿಯ ಉತ್ತರ.

ಎರಡು ತಿಂಗಳು ಕಳೆಯುವಷ್ಟರಲ್ಲಿ ನಮ್ಮ ಮಾತು ‘ಸುತ್ತಿಗೆ ಕೊಡು’, ‘ತಗೋ’ ಇಷ್ಟಕ್ಕೆ ಬಂದಿತ್ತು.

ಆಗ ಬೇಕರಿಯವರು ಎರಡು ಕೈಯಲ್ಲಿ ಎರಡು ಕಟ್ಟು ಚೀಟಿ ಹಿಡಿದು ಬಂದರು. “ಏನ್ರಪ್ಪಾ ಇದು? ನಾನು ಬಿಸ್ಕತ್ತು ಮಾರೋನು. ಡಬ್ಬಿಗೂ ಮುಚ್ಚಳಕ್ಕೂ ಜೋಡಿ ಹುಡುಕೋ ಮದುವೆ ದಲ್ಲಾಳಿ ಅಲ್ಲ! ನಾನು ವ್ಯಾಟ್‌ಗೆ ನೋಂದಾಯಿಸಿಕೊಂಡೋನು. ಡಬ್ಬಿ ಕೊಳ್ಳುವಾಗ ಕೊಟ್ಟ ತೆರಿಗೆನ ನಾನು ಕಟ್ಟೋದರಲ್ಲಿ ಕಳೀಬಹುದು, ಸರಿಯಾದ ಬಿಲ್ಲಿದ್ರೆ. ಈ ಚೀಟಿ ನನಗೆ ಬಿಸ್ಕತ್ತು ಸುತ್ತೋಕೂ ಸಾಲಲ್ಲ. ತಿಂಗಳೊಳಗೆ ನೋಂದಣಿ ಸಂಖ್ಯೆ ಹಾಕಿ ಒಂದೇ ಬಿಲ್ಲು ಕೊಡಿ. ಇಲ್ಲಾಂದ್ರೆ ಪ್ಲಾಸ್ಟಿಕ್ ಡಬ್ಬಿಯವನು ದಿನಾ ಬಂದು ನಮಸ್ಕಾರ ಹಾಕಿ ಹೋಗ್ತಿದಾನೆ.”

ಅವರು ಹೋದ ಮೇಲೆ ತಮ್ಮನ ಮುಖ ಬಿಳಿಚಿಕೊಂಡಿತು. “ಈಗ ಕಚೇರಿಗೆ ಹೋದ್ರೆ ಅಪ್ಪನ ಕಾಲದಿಂದ ಹಿಡೀತಾರೆ. ಹೋಗೋದು ಬೇಡ.”

ಮರುದಿನ ನಾನು ಒಂದು ಡಬ್ಬಿಯನ್ನು ಪತ್ರಿಕೆಯಲ್ಲಿ ಸುತ್ತಿಕೊಂಡೆ. ತಮ್ಮ ಆಚೆ ನೋಡುವಾಗ ಒಂದು ಮುಚ್ಚಳವನ್ನೂ ಎತ್ತಿಕೊಂಡೆ. ಬಾಗಿಲಲ್ಲಿ ಅವನ ಹೆಂಡತಿ ನೋಡಿಬಿಟ್ಟಳು. “ಹೋಗಿ ಬನ್ನಿ ಭಾವ. ಮುಚ್ಚಳ ನಾನೇ ತಗೊಂಡೆ ಅಂತೀನಿ.”

ತೆರಿಗೆ ಕಚೇರಿಯ ಕಿಟಕಿಯ ಹಿಂದೆ ಕನ್ನಡಕ ಹಾಕಿದ ಒಬ್ಬ ಹೆಂಗಸು ಕೂತಿದ್ದರು.

“ನಿಮ್ಮ ವಹಿವಾಟು ಎಷ್ಟು, ಯಜಮಾನರೇ?”

“ಹನ್ನೊಂದು ಲಕ್ಷದ ನಾಲ್ಕು ಸಾವಿರ. ಸೂಲಗಿತ್ತಿ ವಾಪಸು ಕೊಟ್ಟಿದ್ದು ಕಳೆದು.”

“ಯಾವ ವರ್ಷದ್ದು?”

“ಎಲ್ಲ ವರ್ಷದ್ದೂ.”

ಆಕೆ ಪೆನ್ನು ಕೆಳಗಿಟ್ಟರು. “ಹೋದ ಹನ್ನೆರಡು ತಿಂಗಳದು ಮಾತ್ರ ಹೇಳಿ.”

“ಒಂದು ಲಕ್ಷ ತೊಂಬತ್ತು ಸಾವಿರ.”

“ಮಿತಿ ಇರೋದು ಒಂದು ವರ್ಷಕ್ಕೆ, ಒಂದು ಜನ್ಮಕ್ಕಲ್ಲ! ನೀವು ನೋಂದಾಯಿಸಬೇಕಾಗೇ ಇಲ್ಲ. ನಿಶ್ಚಿಂತೆಯಾಗಿ ಮನೆಗೆ ಹೋಗಿ.”

ಗುಡ್ಡ ಅಗೆದದ್ದಾಯಿತು, ಇಲಿಯೂ ಸಿಗಲಿಲ್ಲ. ಆದರೆ ಮನೆಗೆ ಹೋದರೆ ಬೇಕರಿ ಕೈ ತಪ್ಪುತ್ತದೆ. ಕಿಟಕಿ ಹಿಡಿದು ಅಲ್ಲೇ ನಿಂತೆ. ಗೆರೆ, ಸುತ್ತಿಗೆ, ಎರಡು ಚೀಟಿ, ಎಲ್ಲವನ್ನೂ ಹೇಳಿದೆ. ಆಕೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಅಳುವೋ ನಗುವೋ ತಿಳಿಯಲಿಲ್ಲ.

“ಒಂದೇ ಸೂರು, ಒಂದೇ ಸುತ್ತಿಗೆ ಅಂದ್ರೆ ನಮ್ಮ ಲೆಕ್ಕಕ್ಕೆ ಒಂದೇ ಅಂಗಡಿ, ಗೆರೆ ಎಷ್ಟೇ ಕೆಂಪಗಿರಲಿ. ಮಿತಿ ದಾಟದೆ ಇರೋರೂ ತಾವಾಗಿ ನೋಂದಾಯಿಸಬಹುದು. ಆದ್ರೆ ಆಮೇಲೆ ಪ್ರತಿ ಬಿಲ್ಲಿಗೂ ತೆರಿಗೆ ಹಾಕಬೇಕು, ಹೊತ್ತಿಗೆ ಸರಿಯಾಗಿ ಲೆಕ್ಕ ಒಪ್ಪಿಸಬೇಕು.”

ನನ್ನ ಡಬ್ಬಿಯನ್ನು ಕೈಯಲ್ಲಿ ಹಿಡಿದೇ ಮುಂದಿನದನ್ನು ಹೇಳಿಕೊಟ್ಟರು. ಮುಚ್ಚಳದ ಸಮೇತ ಡಬ್ಬಿಗೆ ನೂರಕ್ಕೆ ಹತ್ತು ತೆರಿಗೆ. ಬರೀ ಮುಚ್ಚಳ ಮಾರಿದರೆ ಅದು ಬಿಡಿಭಾಗ, ನೂರಕ್ಕೆ ಇಪ್ಪತ್ತು. ನಲವತ್ತು ರೂಪಾಯಿಗೆ ತಗಡು ತಂದಾಗ ನಾಲ್ಕು ತೆರಿಗೆ ಕೊಟ್ಟಿರುತ್ತೇನೆ. ನೂರು ರೂಪಾಯಿಗೆ ಡಬ್ಬಿ ಮಾರಿದಾಗ ಬೇಕರಿಯವರಿಂದ ಹತ್ತು ಪಡೆಯುತ್ತೇನೆ. ಹತ್ತರಲ್ಲಿ ನಾಲ್ಕು ಕಳೆದು ಆರು ಕಟ್ಟಬೇಕು.

“ಅಂದ್ರೆ ನೀವು ಬಡಿದು ಸೇರಿಸಿದ ಅರವತ್ತಕ್ಕೆ ಮಾತ್ರ ತೆರಿಗೆ” ಎಂದರು.

ಐವತ್ತು ವರ್ಷ ಬಡಿದಿದ್ದೇನೆ. ಇದರಲ್ಲಿ ತಗಡಿನದಿಷ್ಟು, ನಿನ್ನ ಕೈಯದಿಷ್ಟು ಎಂದು ಅದುವರೆಗೆ ಯಾರೂ ಬಿಡಿಸಿ ಹೇಳಿರಲಿಲ್ಲ.

“ಗುರುವಾರ ಅಂಗಡಿ ನೋಡೋಕೆ ಬರ್ತೀನಿ. ಅಣ್ಣ ತಮ್ಮ ಇಬ್ಬರೂ ಸಹಿ ಹಾಕಬೇಕು.”

ತಮ್ಮನಿಗೆ ಹೇಳಿದೆ. ಒಂದೇ ವರ್ಷದ ಲೆಕ್ಕ ಎಂದಾಗ ಕುಣಿದ. ಸಹಿ ಎಂದಾಗ ಕೂತ. “ಮುಚ್ಚಳದ ವ್ಯಾಪಾರ ನಾನು ಕಟ್ಟಿ ಬೆಳೆಸಿದ್ದು, ಅಣ್ಣಾ. ಬಿಡಲ್ಲ.”

“ಬರೀ ಮುಚ್ಚಳಕ್ಕೆ ನೂರಕ್ಕೆ ಇಪ್ಪತ್ತಂತೆ.”

“ಡಬ್ಬಿಗೆ?”

“ಹತ್ತು.”

“ಇದ್ಯಾವ ನ್ಯಾಯ!”

“ಅಣ್ಣನ ಬಿಟ್ಟು ಒಂಟಿಯಾಗಿ ಹೋದ್ರೆ ಮುಚ್ಚಳಕ್ಕೂ ದಂಡ ಇದೆ, ನೋಡಿ” ಎಂದಳು ಅವನ ಹೆಂಡತಿ.

ಬುಧವಾರವಿಡೀ ಅವನು ನೆಲದ ಮೇಲೆ ಕೂತು ಗೆರೆ ಕೆರೆಯುತ್ತಿದ್ದ. ಎರಡು ಉಜ್ಜುಕಾಗದ ಸವೆದವು, ಗೆರೆ ಸವೆಯಲಿಲ್ಲ. ಅವನ ಹೆಂಡತಿಯ ಬಣ್ಣ ಅಂಥದ್ದು.

ಗುರುವಾರ ಆ ಅಧಿಕಾರಿ ಬಂದರು. ತಗಡು ನೋಡಿದರು, ಸುತ್ತಿಗೆ ನೋಡಿದರು. ಕೊನೆಗೆ ನೆಲ ನೋಡಿದರು. “ಇದೇನಿದು, ಕೆಂಪು ಗೆರೆ?”

ಗೆರೆಯ ಕಥೆ ಕಚೇರಿಯಲ್ಲಿ ಹೇಳಿದ್ದೇನೆಂದು ತಮ್ಮನಿಗೆ ನಾನು ಹೇಳಿರಲಿಲ್ಲ. ಅವನು ಕೇಳಲೂ ಇಲ್ಲ.

“ತಗಡು ಅಳೆಯೋಕೆ, ಮೇಡಂ!” ಎಂದ, ಒಂದೇ ಉಸಿರಿಗೆ. “ಅಪ್ಪನ ಕಾಲದಿಂದ ಇದೆ.”

ಗೆರೆಯ ತುದಿಯಲ್ಲಿ ಬಣ್ಣ ಇನ್ನೂ ಹೊಳೆಯುತ್ತಿತ್ತು.

“ಹೌದಾ? ಎಲ್ಲಿ, ಅಳೆದು ತೋರಿಸಿ.”

ತಮ್ಮ ನನ್ನ ಮುಖ ನೋಡಿದ. ತಗಡಿನ ಸುರುಳಿ ಒಬ್ಬರ ಕೈಗೆ ಬಿಚ್ಚುವಂಥದ್ದಲ್ಲ. “ಅಣ್ಣಾ, ಆ ತುದಿ ಸ್ವಲ್ಪ ಹಿಡ್ಕೊಳ್ತೀಯಾ?” ಎಂದ. ಎರಡು ತಿಂಗಳಲ್ಲಿ ಅವನು ನನಗೆ ಆಡಿದ ಅತಿ ಮೆತ್ತನೆಯ ಮಾತು ಅದು. ನಾನು ಬಾಗಿಲ ಕಡೆ ಹಿಡಿದೆ, ಅವನು ಗೋಡೆಯ ಕಡೆ ಹಿಡಿದ. ಸುರುಳಿ ಬಿಚ್ಚಿ ಗೆರೆಗೆ ಒರಗಿಸಿ ಇಟ್ಟೆವು.

ಅಧಿಕಾರಿ ಬಗ್ಗಿ ನೋಡಿದರು. “ಗೆರೆ ನಾಲ್ಕು ಬೆರಳು ಗಿಡ್ಡ ಇದೆಯಲ್ಲ?”

“ಅಪ್ಪನ ಕಾಲದಲ್ಲಿ ತಗಡು ಅಷ್ಟೇ ಬರ್ತಿತ್ತು ಮೇಡಂ” ಎಂದ ತಮ್ಮ.

ಒಳಕೋಣೆಯಲ್ಲಿ ಏನೋ ಬಿದ್ದ ಸದ್ದಾಯಿತು. ಅವನ ಹೆಂಡತಿ ನಗು ತಡೆಯಲಾರದೆ ಬಣ್ಣದ ಡಬ್ಬ ಬೀಳಿಸಿದ್ದಳು. ಅಧಿಕಾರಿ ಕನ್ನಡಕ ತೆಗೆದು ಮತ್ತೆ ಕಣ್ಣೊರೆಸಿಕೊಂಡು, ಅರ್ಜಿಯನ್ನು ಮೇಜಿನ ಮೇಲೆ ಹರಡಿದರು. ನಾನು ನಿಧಾನವಾಗಿ ಅಕ್ಷರ ಕೂಡಿಸಿ ಹೆಸರು ಬರೆದೆ. ತಮ್ಮ ಪೆನ್ನು ಕಿತ್ತುಕೊಂಡು ಏಳನೇ ತರಗತಿಯ ಸಹಿ ಹಾಕಿದ, ಬಾಲದ ಸಮೇತ.

ತಿಂಗಳು ಮುಗಿಯಲು ಮೂರು ದಿನವಿರುವಾಗ ನೋಂದಣಿ ಸಂಖ್ಯೆ ಬಂತು. ಬೇಕರಿಗೆ ಒಂದೇ ಬಿಲ್ಲು ಹೋಯಿತು. ಡಬ್ಬಿಗಳಿಗೆ ಮುಚ್ಚಳ ಹಾಕಿ ನಾವಿಬ್ಬರೇ ಹೊತ್ತುಕೊಂಡು ಹೋಗಿ ಕೊಟ್ಟು ಬಂದೆವು.

ವಾಪಸು ಬಂದಾಗ ತಮ್ಮ ಬಾಗಿಲ ಹತ್ತಿರ ಕುಕ್ಕರಗಾಲಲ್ಲಿ ಕೂತು ಕುಂಚ ಆಡಿಸತೊಡಗಿದ. ಏನು ಮಾಡುತ್ತಿದ್ದೀಯೆಂದು ಕೇಳಿದೆ.

“ಆ ನಾಲ್ಕು ಬೆರಳು ಸೇರಿಸ್ತಿದೀನಿ. ಅವರು ಇನ್ನೊಂದು ಸಲ ಬಂದ್ರೆ?”