ಆರು ಮೂವತ್ತೆಂಟು

ನಮ್ಮ ಕಾರ್ಖಾನೆಯ ಊಟದ ಕೋಣೆಯ ಬಾಗಿಲಿಗೆ ಒಂದು ಪೋಸ್ಟರ್ ಅಂಟಿಸಿದ್ದಾರೆ. ಆರು ಬಣ್ಣದ ಆರು ಕೈಗಳು ಒಂದರ ಮೇಲೊಂದು. ಕೆಳಗೆ, "ವೈವಿಧ್ಯವೇ ನಮ್ಮ ಬಲ, ಎಲ್ಲರನ್ನೂ ಒಳಗೊಳ್ಳೋಣ." ಆ ಬಾಗಿಲಿಗೆ ಸಂಜೆ ಏಳೂವರೆಯವರೆಗೆ ಬೀಗ. ಅಂಟಿಸಿದ ಪುಣ್ಯಾತ್ಮರು ಬೀಗ ನೋಡಲಿಲ್ಲವೋ ಏನೋ!

ನಾನು ಸೇಸಮ್ಮ. ಮೂಡುಬಿದಿರೆಯಿಂದ ಬಂಟ್ವಾಳಕ್ಕೆ ಹೋಗುವ ರಸ್ತೆಯಲ್ಲಿರುವ ಈ ಗೇರುಬೀಜದ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷ ಬೀಜ ಆರಿಸಿದೆ. ನಾಲ್ಕು ವರ್ಷದಿಂದ ಮಧ್ಯಾಹ್ನದ ಪಾಳಿಯ ಮೇಲ್ವಿಚಾರಕಿ. ಪಾಳಿ ಒಂದೂವರೆಯಿಂದ ಒಂಬತ್ತೂವರೆ, ಊಟದ ವಿರಾಮ ಏಳೂವರೆಗೆ. ನಡುವೆ ನಾಲ್ಕು ಗಂಟೆಗೆ ಕೂತಲ್ಲಿಗೇ ಒಂದು ಲೋಟ ಚಹಾ ಬರುತ್ತದೆ. ಬೀಜ ಸಾಗಿ ಬರುವ ಬೆಲ್ಟಿನ ಹತ್ತಿರ ತಿಂಡಿ ತರುವ ಹಾಗಿಲ್ಲ.

ನನ್ನ ಬೆಲ್ಟಿನಲ್ಲಿ ಯಶೋಧಾ ಮತ್ತು ರುಕಿಯಾ ಅಕ್ಕಪಕ್ಕ ಕೂರುತ್ತಾರೆ. ಯಶೋಧಾ ವೇಣೂರಿನ ಕಡೆಯ ಜೈನರ ಹುಡುಗಿ, ಸೇರಿ ಹನ್ನೊಂದು ತಿಂಗಳಾಯಿತು. ಏಳೂವರೆಗೆ ಎಲ್ಲರೂ ಬುತ್ತಿ ಬಿಚ್ಚಿದರೆ ಇವಳು ಹೊರಗೆ ಹೋಗಿ ನಿಲ್ಲುತ್ತಿದ್ದಳು. "ದೊಡ್ಡ ಮನೆಯವರಿಗೆ ನಮ್ಮ ಜೊತೆ ಕೂತರೆ ಗಂಟಲಲ್ಲಿ ಇಳಿಯುವುದಿಲ್ಲ" ಎಂದು ಅವಳಿಗೆ ಕೇಳುವ ಹಾಗೆ ನಾನೇ ಎರಡು ಸಲ ಹೇಳಿದ್ದೇನೆ. ರುಕಿಯಾ ಬಿ.ಸಿ.ರೋಡಿನವಳು. ಗಂಡ ತೀರಿಹೋಗಿದ್ದಾನೆ, ಎರಡು ಮಕ್ಕಳು. ಬಸ್ಸು ಕೈಕೊಟ್ಟು ತಡವಾದದ್ದಕ್ಕೆ ಅವಳಿಗೆ ಆಗಲೇ ಎರಡು ನೋಟಿಸು ಸಿಕ್ಕಿತ್ತು. ಮೂರನೆಯದು ಸಿಕ್ಕಿದರೆ ಕೆಲಸ ಹೋಯಿತು.

ರಂಜಾನ್ ಶುರುವಾಯಿತು. ಸೂರ್ಯ ಮುಳುಗುವುದು ಆರು ಮೂವತ್ತೆಂಟಕ್ಕೆ, ಉಪವಾಸ ಬಿಡಲು ಕಂಪನಿ ಬಾಗಿಲು ತೆರೆಯುವುದು ಏಳೂವರೆಗೆ. ರುಕಿಯಾ ಸೆರಗಿನ ಮರೆಯಲ್ಲಿ ಒಂದು ಖರ್ಜೂರ ಬಾಯಿಗೆ ಹಾಕಿಕೊಂಡು ಸುಧಾರಿಸುತ್ತಿದ್ದಳು. ಮೂರನೆಯ ದಿನ ಅವಳು ಯಶೋಧಾಳನ್ನು ಕೇಳಿದಳು.

"ನಿನಗೂ ಉಪವಾಸವಾ? ನೀನು ಉಣ್ಣುವುದು ನಾನು ಒಂದು ದಿನವೂ ನೋಡ್ಲಿಲ್ಲ."

"ಸೂರ್ಯ ಮುಳುಗಿದ ಮೇಲೆ ನಾವು ಊಟ ಮಾಡುವುದಿಲ್ಲ."

"ಮತ್ತೆ ಯಾವಾಗ ಉಣ್ತಿ?"

"ಬೆಳಿಗ್ಗೆ."

ನಾನು ಹಿಂದೆಯೇ ನಿಂತಿದ್ದೆ. ಮಧ್ಯಾಹ್ನ ಹನ್ನೆರಡಕ್ಕೆ ಉಂಡವಳು ಮರುದಿನ ಬೆಳಿಗ್ಗೆಯವರೆಗೆ ಖಾಲಿ ಹೊಟ್ಟೆಯಲ್ಲಿ. ಹನ್ನೊಂದು ತಿಂಗಳು! ಬಂದ ಸಿಟ್ಟನ್ನೆಲ್ಲ ಅವಳ ಮೇಲೆಯೇ ಹಾಕಿದೆ.

"ಬಾಯಿ ಇಲ್ವಾ ನಿನಗೆ? ಹೇಳಬಾರದಿತ್ತಾ?"

"ಹೇಳಿದ್ರೆ ಇನ್ನೂ ದೊಡ್ಡ ಮನೆಯವಳು ಅಂತ ಹೇಳ್ತೀರಿ ಅಂತ ಸುಮ್ಮನಾದೆ ಅಕ್ಕ."

ನನಗೆ ನಾಚಿಕೆಯಾಯಿತು, ಸುಳ್ಳು ಯಾಕೆ ಹೇಳಲಿ.

ಮರುದಿನದಿಂದ ಅವರೇ ಒಂದು ಏರ್ಪಾಡು ಮಾಡಿಕೊಂಡರು. ಆರು ಇಪ್ಪತ್ತಕ್ಕೆ ಯಶೋಧಾ ಎದ್ದು ನಳ್ಳಿಯ ಹತ್ತಿರದ ಕಲ್ಲಿನ ಮೇಲೆ ಕೂತು ಹತ್ತು ನಿಮಿಷದಲ್ಲಿ ಊಟ ಮುಗಿಸುತ್ತಾಳೆ. ಅಷ್ಟು ಹೊತ್ತು ರುಕಿಯಾ ಎರಡು ಜಾಗದ ಬೀಜ ಆರಿಸುತ್ತಾಳೆ. ಮಸೀದಿಯ ಬಾಂಗು ಕೇಳಿದ ಕೂಡಲೇ ರುಕಿಯಾ ಏಳುತ್ತಾಳೆ, ಯಶೋಧಾ ಎರಡೂ ಜಾಗ ನೋಡಿಕೊಳ್ಳುತ್ತಾಳೆ. ಬೆಲ್ಟು ನಿಲ್ಲಲಿಲ್ಲ, ಬೀಜ ಒಂದು ಹಿಡಿ ಕಡಿಮೆಯಾಗಲಿಲ್ಲ. ಮೇಲ್ವಿಚಾರಕಿಯ ಅನುಮತಿ ಮತ್ತು ಬದಲಿ ಆಳು ಇಲ್ಲದೆ ಜಾಗ ಬಿಡಬಾರದು ಎಂದು ನಿಯಮ ಉಂಟು. ಬದಲಿ ಆಳು ಕೊಡಿ ಎಂದು ನಾನು ಬೊಬ್ಬೆ ಹಾಕಿ ಎರಡು ವರ್ಷವಾಯಿತು, ಯಾರೂ ಕೊಡಲಿಲ್ಲ. ಹಾಗಾಗಿ ನಾನು ಕಂಡೂ ಕಾಣದ ಹಾಗೆ ಇದ್ದೆ.

ಹೀಗಿರುವಾಗ ವೈವಿಧ್ಯ ಸಪ್ತಾಹ ಎಂಬುದೊಂದು ಬಂದು ವಕ್ಕರಿಸಿತು. ಮಂಗಳೂರಿನ ಹೆಡ್ಡಾಫೀಸಿನಿಂದ ವಿಸ್ಮಿತಾ ಎಂಬ ಹುಡುಗಿ ಕ್ಯಾಮೆರಾ ಹಿಡಿದು ಬಂದಳು. ಪಾಪ, ಒಳ್ಳೆಯ ಹುಡುಗಿ. ಜೊತೆಗೆ ನಮ್ಮ ಮ್ಯಾನೇಜರ್ ಜಯಪ್ರಕಾಶ್, ಇಸ್ತ್ರಿ ಹಾಕಿದ ಅಂಗಿಯಲ್ಲಿ. ಬೇರೆ ಬೇರೆ ಧರ್ಮದವರು ಒಟ್ಟಿಗೆ ಕೂತು ಉಣ್ಣುವ ಫೋಟೋ ಬೇಕಂತೆ, ಅದಕ್ಕೆ ಬಹುಮಾನ ಉಂಟಂತೆ. ಬೆಳಕು ಇರುವಾಗಲೇ ಆಗಲಿ ಎಂದು ಆರೂವರೆಗೆ ಇವರಿಬ್ಬರನ್ನು ಎಬ್ಬಿಸಿ, ಬೀಗ ತೆಗೆಸಿ, ಮುಂದೆ ತಟ್ಟೆ ಇಟ್ಟರು.

"ಒಂದೊಂದು ತುತ್ತು ಬಾಯಿಗೆ ಇಡಿ," ಎಂದಳು ವಿಸ್ಮಿತಾ.

"ನನಗೆ ಉಪವಾಸ ಮೇಡಂ. ಇನ್ನೂ ಎಂಟು ನಿಮಿಷ ಉಂಟು," ಎಂದಳು ರುಕಿಯಾ.

"ಹಾಗಾದ್ರೆ ಎಂಟು ನಿಮಿಷ ಕಾಯುವ."

"ಆಗ ಇವಳಿಗೆ ಆಗುವುದಿಲ್ಲ. ಇವಳದ್ದು ಅದರ ಒಳಗೆ ಮುಗಿಯಬೇಕು. ನಾವು ದಿನಾ ಹಾಗೇ ಮಾಡುವುದು, ಮೊದಲು ಇವಳು, ಮತ್ತೆ ನಾನು."

ಅಯ್ಯೋ, ಆ ಬಾಯಿಗೆ ಬೀಗ ಹಾಕಬೇಕಿತ್ತು! ಜಯಪ್ರಕಾಶ್ ನನ್ನತ್ತ ತಿರುಗಿದರು. "ದಿನಾ ಅಂದ್ರೆ ಎಂತದು ಸೇಸಮ್ಮ? ವಿರಾಮ ಏಳೂವರೆಗಲ್ವಾ?" ಎಂದರು. ಆ ರಾತ್ರಿಯೇ ಅವರು ಸಿಸಿಟಿವಿ ತೆಗೆದು ನೋಡಿದ್ದಾರೆ.

ಮರುದಿನ ಸಂಜೆ ಆರೂಕಾಲಿಗೆ ಎರಡು ನೋಟಿಸು ಹಿಡಿದುಕೊಂಡು ಬೆಲ್ಟಿನ ಹತ್ತಿರವೇ ಬಂದರು. ಅನುಮತಿ ಇಲ್ಲದೆ ಜಾಗ ಬಿಟ್ಟದ್ದು ಹೌದು ಎಂದು ನಾನು ಸಹಿ ಹಾಕಬೇಕು. ರುಕಿಯಾಳಿಗೆ ಇದು ಮೂರನೆಯದು.

"ಎಂತ ಮಾರಾಯ್ರೆ ಇದು? ನಿನ್ನೆ ಇವರ ಫೋಟೋ ಬೇಕಿತ್ತು, ಇವತ್ತು ಇವರೇ ಬೇಡ್ವಾ?"

"ನನ್ನ ಕೈಯಲ್ಲಿ ಎಂತ ಉಂಟು ಸೇಸಮ್ಮ? ಹೆಡ್ಡಾಫೀಸಿನವರೂ ನೋಡಿ ಆಗಿದೆ." ಅವರು ಸ್ವರ ತಗ್ಗಿಸಿದರು. "ಒಂದು ಕೆಲಸ ಮಾಡುವ. ರುಕಿಯಾಂದು ಹಬ್ಬದ ವಿಷಯ, ರಂಜಾನ್ ಮುಗಿಯುವವರೆಗೆ ಬಿಡುವ. ಅವಳ ನೋಟಿಸು ಹರಿದು ಹಾಕ್ತೇನೆ. ಯಶೋಧಾಂದು ವರ್ಷಪೂರ್ತಿಯ ಕತೆ, ಅದು ಆಗುವುದಿಲ್ಲ. ಅವಳದಕ್ಕೆ ಮಾತ್ರ ಸಹಿ ಹಾಕಿ."

"ರಂಜಾನ್ ಮುಗಿದ ಮೇಲೆ ಸೂರ್ಯ ಮುಳುಗುವುದಿಲ್ವಾ?"

"ನೀವು ಹಾಗೆಲ್ಲ ಮಾತಾಡಬೇಡಿ."

ಯಶೋಧಾ ತಲೆ ಎತ್ತದೆ, "ಹಾಕಿ ಅಕ್ಕ. ನನಗೆ ಅಭ್ಯಾಸ ಉಂಟು," ಎಂದಳು.

ಅಭ್ಯಾಸವಂತೆ! ನನಗೆ ಮೈಯೆಲ್ಲ ಉರಿಯಿತು. ಅಷ್ಟರಲ್ಲಿ ರುಕಿಯಾ, "ಅವಳಿಗೆ ಇಲ್ಲದಿದ್ರೆ ನನಗೂ ಬೇಡ ಸಾರ್. ನಾನೂ ಏಳೂವರೆಗೇ ಬಿಡ್ತೇನೆ," ಎಂದಳು. ಬೀಜ ಆರಿಸುವುದನ್ನು ಮಾತ್ರ ನಿಲ್ಲಿಸಲಿಲ್ಲ.

ಗೋಡೆಯ ಗಡಿಯಾರ ಆರು ಇಪ್ಪತ್ತು ತೋರಿಸಿತು. ಯಶೋಧಾ ಏಳಲಿಲ್ಲ. ಆರು ಇಪ್ಪತ್ತೆರಡು. ಬೆಲ್ಟಿನ ಉದ್ದಕ್ಕೂ ಹದಿನಾಲ್ಕು ಹೆಂಗಸರು ನನ್ನನ್ನೇ ನೋಡುತ್ತಿದ್ದರು. ನಾನು ಎರಡೂ ನೋಟಿಸು ತೆಗೆದುಕೊಂಡು, ಎರಡರ ಮೇಲೂ "ನನ್ನ ಅನುಮತಿ ಇತ್ತು" ಎಂದು ಬರೆದು ಅವರ ಕೈಗೆ ಕೊಟ್ಟೆ. ಪೆನ್ನು ಕಿಸೆಗೆ ಹಾಕಿ ಯಶೋಧಾಳ ಭುಜ ತಟ್ಟಿದೆ.

"ಏಳು. ಬದಲಿ ಆಳು ನಾನು."

"ಅಕ್ಕ, ನಿಮ್ಮ ಕೆಲಸಕ್ಕೆ ತೊಂದರೆ ಆಗ್ತದೆ."

"ಹನ್ನೊಂದು ತಿಂಗಳ ಹಿಂದೆಯೇ ಮಾಡಬೇಕಿದ್ದ ಕೆಲಸ ಇದು. ಹೋಗು, ಉಣ್ಣು."

ಅವಳು ಬುತ್ತಿ ಹಿಡಿದು ಓಡಿದಳು. ನಾಲ್ಕು ವರ್ಷದ ನಂತರ ಆ ಸ್ಟೂಲಿನಲ್ಲಿ ಕೂತೆ. ಸೊಂಟ ಹಿಡಿಯಿತು, ಕನ್ನಡಕ ಜಾರಿತು, ಆದರೆ ಕೈ ಮರೆತಿರಲಿಲ್ಲ. ಬಾಂಗು ಕೇಳಿದಾಗ ಪಕ್ಕದ ಸ್ಟೂಲಿಗೆ ಸರಿದು ರುಕಿಯಾಳನ್ನೂ ಎಬ್ಬಿಸಿ ಕಳುಹಿಸಿದೆ. ಜಯಪ್ರಕಾಶ್ ಎರಡೂ ನೋಟಿಸು ಮಡಚಿಕೊಂಡು ಹೋದರು.

ನಿನ್ನೆ ನೋಟಿಸು ಬಂತು. ಅವರಿಬ್ಬರಿಗೂ ಇಲ್ಲ, ನನ್ನೊಬ್ಬಳಿಗೆ. ಇಪ್ಪತ್ತಮೂರು ವರ್ಷದಲ್ಲಿ ಮೊದಲನೆಯದು. ಮೇಲ್ವಿಚಾರಕಿಯು ತನ್ನ ಸ್ಥಾನ ಬಿಟ್ಟು ಕಾರ್ಮಿಕರ ಸ್ಥಾನದಲ್ಲಿ ಕುಳಿತದ್ದು ಯಾಕೆ, ಮೂರು ದಿನದೊಳಗೆ ಕಾರಣ ತಿಳಿಸಬೇಕಂತೆ. ಬರೆಯಲು ಅರ್ಧ ಪುಟ ಖಾಲಿ ಬಿಟ್ಟಿದ್ದರು. ಅಷ್ಟು ಜಾಗ ಬೇಕಾಗಲಿಲ್ಲ. "ಸೂರ್ಯ ಮುಳುಗುತ್ತಿತ್ತು" ಎಂದು ಬರೆದು ಸಹಿ ಹಾಕಿ ಕೊಟ್ಟೆ.