ಮಂಚದ ಕೆಳಗಿನ ಚೀಲ

ತಂಬ್ರಹಳ್ಳಿಯ ನಾಗಲಿಂಗಮ್ಮನಿಗೆ ಎರಡನೆಯ ಮೊಮ್ಮಗಳು ಹುಟ್ಟಿದ್ದೇ ತಡ, ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಆಸ್ಪತ್ರೆಯ ವಾರ್ಡಿನಲ್ಲಿ ಕಂಡಕಂಡವರ ಬಾಯಿಗೆ ಸಕ್ಕರೆ ಹಾಕಿದಳು. ಕೂಸಿನ ಮೂಗು ತನ್ನದೇ ಎಂದು ವಾದಕ್ಕೂ ನಿಂತಳು.

ಆದರೆ ಅವಳಿಗೊಂದು ಹಠ. ಬಾಣಂತಿ ಬಟ್ಟೆ ಹೊರಗಿನವರ ಕಣ್ಣಿಗೆ ಬೀಳಬಾರದು, ದೃಷ್ಟಿ ತಾಗುತ್ತದೆ. ಸೊಸೆ ಸುಮಲತಾಳ ಬಟ್ಟೆ ರಕ್ತದಲ್ಲಿ ನೆನೆದಂತೆಲ್ಲ ಬದಲಿಸಿ, ಕೈಚೀಲಕ್ಕೆ ತುರುಕಿ, ಮಂಚದ ಕೆಳಗೆ ತಳ್ಳಿದಳು. ನರ್ಸ್ ಬಂದು ನೋಡಿದಾಗ ಕಂಡದ್ದು ಒಗೆದ ಬಿಳಿ ಬಟ್ಟೆ.

"ರಕ್ತ ಭಾಳ ಹೋಗಾಕತ್ತೈತೇನಮ್ಮ?"

"ಏನಿಲ್ರಿ ಸಿಸ್ಟರ್, ಎಲ್ಲಾ ಚಲೋ ಐತಿ," ಅಂದಳು ನಾಗಲಿಂಗಮ್ಮ.

ಮಧ್ಯಾಹ್ನ ಅವರ ಓಣಿಯ ಆಶಾ ಕಾರ್ಯಕರ್ತೆ ಪುಷ್ಪಲತಾ ಕೂಸು ನೋಡಲು ಬಂದಳು. ಸುಮಲತಾ ಬಿಳಿಚಿಕೊಂಡಿದ್ದಳು. "ಅತ್ತಿ, ಕಣ್ಣು ಕತ್ತಲಿ ಬರಾಕತ್ತೈತಿ," ಎಂದು ನರಳಿದಳು. ಪುಷ್ಪಲತಾ ಹಣೆ ಮುಟ್ಟಿದರೆ ತಣ್ಣಗೆ, ಬರೀ ಬೆವರು.

"ನಾಗಲಿಂಗಕ್ಕ, ಬೆಳಿಗ್ಗಿಂದ ಎಷ್ಟು ಬಟ್ಟಿ ಬದಲ್ಸೀರಿ?"

"ಒಂಬತ್ತೋ ಹತ್ತೋ. ಕೆಟ್ಟ ರಕ್ತ ಹೋಗ್ಲಿ ಬಿಡು, ಮೈ ಹಗುರ ಆಗ್ತೈತಿ. ಸುಮ್ನ ಕರದ್ರ ಸಿಸ್ಟರ್ ಬೈತಾರ."

"ಕೆಟ್ಟ ರಕ್ತ ಅಲ್ಲಕ್ಕ, ಜೀವ ಹೋಗಾಕತ್ತೈತಿ! ಬೈದ್ರ ಬೈಸ್ಕೊಳ್ಳೋಣು. ಕೂಗ್ರಿ!"

ನಾಗಲಿಂಗಮ್ಮ ಮಂಚದ ಕೆಳಗೆ ಬಗ್ಗಿದಳು. ಚೀಲ ಎತ್ತಿಕೊಂಡವಳೇ, ಗಂಡಸರು ಕೂತಿದ್ದ ವರಾಂಡದಲ್ಲೇ "ಸಿಸ್ಟರ್, ಬರ್ರೀ!" ಎಂದು ಕೂಗುತ್ತ ಓಡಿದಳು.

ಆ ಆಸ್ಪತ್ರೆಯಲ್ಲಿ ಒಂದು ಪದ್ಧತಿ. ರೋಗಿಗೆ ಹೆಚ್ಚುಕಮ್ಮಿ ಆಗಿದೆ ಎಂದು ಮನೆಯವರು ಕೂಗಿದರೂ ಸಾಕು, ತಂಡವೇ ಓಡಿ ಬರಬೇಕು. ಡಾಕ್ಟರೂ ಇಬ್ಬರು ನರ್ಸ್‌ಗಳೂ ಬಂದೇಬಿಟ್ಟರು. ಒಬ್ಬರು ಗರ್ಭಕೋಶ ಬಿಗಿಯಾಗಲೆಂದು ಹೊಟ್ಟೆ ತಿಕ್ಕಿದರು, ಇನ್ನೊಬ್ಬರು ಸೂಜಿ ಮಾಡಿ ಗ್ಲೂಕೋಸ್ ಹಚ್ಚಿದರು. ಡಾಕ್ಟರು ಚೀಲ ಬಿಚ್ಚಿ ನೋಡಿದವರೇ ರಕ್ತ ಕೊಡಲು ಏರ್ಪಾಡು ಮಾಡಿದರು. ಸಂಜೆಯ ಹೊತ್ತಿಗೆ ಸುಮಲತಾಳ ಮುಖಕ್ಕೆ ಕಳೆ ಬಂತು.

"ಬೈರಿ ಡಾಕ್ಟ್ರೇ, ತಪ್ಪು ನಂದ," ಎಂದು ಅತ್ತಳು ನಾಗಲಿಂಗಮ್ಮ.

"ಯಾಕ ಬೈಯೋಣಮ್ಮ? ನೀವು ಕೂಗಿದ್ದಕ್ಕ ಉಳಿದಾಳ."

ತೊಟ್ಟಿಲ ದಿನ ಓಣಿಯೆಲ್ಲ ನೆರೆದಿತ್ತು. ನಾಗಲಿಂಗಮ್ಮ ಹೋಳಿಗೆ ಬಡಿಸುತ್ತಲೇ ಮುತ್ತೈದೆಯರಿಗೆ ತಾಕೀತು ಮಾಡಿದಳು. "ಡಾಕ್ಟ್ರ ಮುಂದ ಏನೂ ಮುಚ್ಚಿಡಬ್ಯಾಡ್ರೇ. ನಾನು ಮುಚ್ಚಿಟ್ಟು ಸೊಸೀನ್ನ ಕಳ್ಕೊಂತಿದ್ನಿ!"

"ಈಗ ಅತ್ತಿ ನಾ ಸೀನಿದ್ರೂ ಸಿಸ್ಟರ್‌ನ್ನ ಕರೀತಾರ," ಎಂದಳು ಸುಮಲತಾ. ಎಲ್ಲರೂ ಬಿದ್ದುಬಿದ್ದು ನಕ್ಕರು.

ಅಕ್ಕತಂಗಿಯರೇ, ನೀವೂ ಆಸ್ಪತ್ರೆಯಲ್ಲಿ ಬಾಣಂತಿಯ ಪಕ್ಕ ಕೂರುತ್ತೀರಿ. ಗಂಟೆಗೊಂದು ಬಟ್ಟೆ ಪೂರ್ತಿ ನೆನೆದರೆ, ಮೈ ತಣ್ಣಗಾದರೆ, ಕಣ್ಣು ಕತ್ತಲಿಟ್ಟರೆ ಆ ಕ್ಷಣವೇ ನರ್ಸನ್ನು ಕೂಗಿ, ನೆನೆದ ಬಟ್ಟೆ ತೋರಿಸಿ. ಬೈದಾರೆಂಬ ಅಂಜಿಕೆ ಬೇಡ. ಅವಳನ್ನು ನಿಮ್ಮಷ್ಟು ಹತ್ತಿರದಿಂದ ನೋಡುತ್ತಿರುವವರು ಅಲ್ಲಿ ಬೇರೆ ಯಾರೂ ಇಲ್ಲ.