ಮಾವ ಬರೆದ ಒಂದು ಸಾಲು

ಆಸ್ಪತ್ರೆಯ ರಕ್ತಪರೀಕ್ಷೆ ಲ್ಯಾಬಿನ ಕಂಪ್ಯೂಟರ್ ಸೋಮವಾರ ಬೆಳಿಗ್ಗೆಯೇ ಕೈಕೊಟ್ಟಿತು. ಅದನ್ನು ನಡೆಸುವ ಲಿನಕ್ಸ್ ತಂತ್ರಾಂಶ ಏನೋ ಎಂದಿನಂತೆ ಎದ್ದಿತು, ಒಳಗಿನ ನೆಟ್‌ವರ್ಕ್ ಕಾರ್ಡ್ ಮಾತ್ರ ಮಿಸುಕಲಿಲ್ಲ. ಯಂತ್ರ ರಕ್ತ ಪರೀಕ್ಷಿಸುತ್ತಲೇ ಇತ್ತು, ರಿಪೋರ್ಟು ಆ ಕೋಣೆ ಬಿಟ್ಟು ವಾರ್ಡಿಗೆ ಹೋಗುತ್ತಿರಲಿಲ್ಲ. ನರ್ಸುಗಳು ಚೀಟಿಯಲ್ಲಿ ಬರೆದುಕೊಂಡು ಮಹಡಿ ಹತ್ತಿ ಇಳಿಯುತ್ತ ಗೊಣಗುತ್ತಿದ್ದರು.

ಆ ಕಂಪ್ಯೂಟರನ್ನು ನೋಡಿಕೊಳ್ಳುವ ಹೊಣೆ ಪುಟ್ಟಿಯ ಮೇಲೆ ಬಿದ್ದಿದ್ದೇ ಅಂದು. ಮೂವತ್ತು ವರ್ಷ ಆ ಕುರ್ಚಿಯಲ್ಲಿದ್ದ ಅವಳ ಸೋದರಮಾವ ಶನಿವಾರ ಸಂಜೆ ನಿವೃತ್ತನಾಗಿದ್ದ. ಅವಳಿಗೆ ಕೆಲಸ ಕಲಿಸಿದವನೂ ಅವನೇ, ಇಲ್ಲಿ ಸೇರಿಸಿದವನೂ ಅವನೇ. ಅಪ್ಪನಿಲ್ಲದ ಹುಡುಗಿಗೆ ಮಾವನೆಂದರೆ ಅಪ್ಪನಿಗಿಂತ ಒಂದು ಕೈ ಮೇಲು.

"ಹನ್ನೊಂದಕ್ಕೆ ಆಪರೇಷನ್ ಶುರು, ಅಷ್ಟರೊಳಗೆ ಸರಿಯಾಗ್ಬೇಕು," ಎಂದರು ಲ್ಯಾಬಿನ ಡಾಕ್ಟರಮ್ಮ. "ಇಲ್ಲಾಂದ್ರೆ ನಿನ್ನ ಕೆಲಸ ಖಾಯಂ ಮಾಡೋ ಮಾತು ಮರೆತುಬಿಡು. ನಿಮ್ಮ ಮಾವನವರನ್ನೇ ವಾಪಸ್ ಕರೀತೀನಿ."

ಪುಟ್ಟಿ ಮಾವನಿಗೆ ಫೋನ್ ಮಾಡಿದಳು. ಒಂದೇ ರಿಂಗಿಗೆ ಎತ್ತಿದ.

"ಕಾರ್ಡ್ ಸುಟ್ಟಿದೆ ಕಣೇ. ನೀನೇನೂ ಮುಟ್ಟೋಕೆ ಹೋಗ್ಬೇಡ, ಹೊಸದು ತರ್ತೀನಿ."

ಕೇಬಲ್ ನೋಡಿದೆಯಾ ಎಂದು ಕೂಡ ಕೇಳಲಿಲ್ಲ. ಕೇಬಲ್ಲಿನಿಂದ ಶುರುಮಾಡದಿದ್ದರೆ ತಲೆಗೆ ಮೊಟಕುತ್ತಿದ್ದ ಮನುಷ್ಯ! ವಯಸ್ಸಾಯಿತು ಪಾಪ ಎಂದುಕೊಂಡು, ಅವನು ಕಲಿಸಿದ ಕ್ರಮದಲ್ಲೇ ಅವಳು ಹುಡುಕುತ್ತ ಹೊರಟಳು.

ಕೇಬಲ್ ಸರಿಯಿತ್ತು. ಸುಟ್ಟಿದೆ ಎಂದ ಕಾರ್ಡ್ ಲಿನಕ್ಸಿನ ಪಟ್ಟಿಯಲ್ಲಿ ಕಲ್ಲುಗುಂಡಿನ ಹಾಗೆ ಕೂತಿತ್ತು. ಅದನ್ನು ನಡೆಸುವ ಡ್ರೈವರ್ ಎಂಬ ಪುಟ್ಟ ತಂತ್ರಾಂಶ ಮಾತ್ರ ಎದ್ದಿರಲಿಲ್ಲ. ಪುಟ್ಟಿ ತಾನೇ ಎಬ್ಬಿಸಿದಳು, ಕಾರ್ಡಿನ ಹಸಿರು ದೀಪ ಹೊತ್ತಿತು. ಕಂಪ್ಯೂಟರನ್ನು ಒಮ್ಮೆ ಆರಿಸಿ ಹಚ್ಚಿದಳು, ಮತ್ತೆ ಅದೇ ರಾಗ. ಅಂದರೆ ಡ್ರೈವರ್ ಏಳದಂತೆ ಯಾರೋ ತಡೆದಿದ್ದಾರೆ. ಅಂಥ ತಡೆಗಳನ್ನು ಬರೆದಿಡುವ ಫೈಲ್ ತೆರೆದರೆ, ಕಟ್ಟಕಡೆಗೆ ಒಂದು ಹೊಸ ಸಾಲು. ಅದರ ಮೇಲೆ ಶನಿವಾರದ ತಾರೀಕು, ಸಂಜೆ ಐದು ಹತ್ತು, ಮಾವನ ಹೆಸರಿನ ಎರಡಕ್ಷರ.

ಏನು ಬದಲಿಸಿದರೂ ತಾರೀಕು, ಹೆಸರು, ಕಾರಣ ಬರೆಯದೆ ಏಳಬಾರದು ಎಂಬುದು ಮಾವನ ಕಟ್ಟಪ್ಪಣೆ. ಮೂವತ್ತು ವರ್ಷದ ಆ ಅಭ್ಯಾಸವನ್ನು ಪುಣ್ಯಾತ್ಮ ಕಳ್ಳಗೆಲಸದಲ್ಲೂ ಬಿಟ್ಟಿರಲಿಲ್ಲ. 'ಕಾರಣ' ಎಂದು ಬರೆದು ಮುಂದೆ ಖಾಲಿ ಬಿಟ್ಟಿದ್ದ.

ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಮೊದಲು ಪುಟ್ಟಿಗೆ ಅಳು ಬಂತು, ಆಮೇಲೆ ಸಿಟ್ಟು, ಕೊನೆಗೆ, ಹಾಳಾದ್ದು, ಕನಿಕರ. ಅತ್ತೆ ಹೋದ ಮೇಲೆ ಆ ಮನೆಯಲ್ಲಿ ಅವನಿಗೆ ಮಾತಾಡಲು ಗೋಡೆ ಬಿಟ್ಟರೆ ಇನ್ನೇನಿದೆ? ಈ ಸಾಲು ಯಾರ ಕಣ್ಣಿಗಾದರೂ ಬಿದ್ದರೆ ಮೂವತ್ತು ವರ್ಷದ ಮಾನ ಮಣ್ಣುಪಾಲು. ಪುಟ್ಟಿ ಆ ಸಾಲನ್ನೂ ಮೇಲಿನ ತಾರೀಕನ್ನೂ ಅಳಿಸಿಹಾಕಿದಳು. ಮತ್ತೆ ಆರಿಸಿ ಹಚ್ಚಿದಾಗ ಈ ಸಲ ಕಾರ್ಡ್ ತಾನಾಗಿಯೇ ಎದ್ದಿತು. ಗಂಟೆ ಹತ್ತೂಕಾಲು.

ಹತ್ತೂವರೆಗೆ ಮಾವ ಬಂದ. ಇಸ್ತ್ರಿ ಮಾಡಿದ ಶರ್ಟು, ಕೈಯಲ್ಲಿ ಹೊಸ ಕಾರ್ಡಿನ ಡಬ್ಬ. ರಿಪೋರ್ಟುಗಳು ಸಾಲಾಗಿ ಹೋಗುತ್ತಿದ್ದುದನ್ನು ಕಂಡು ಮುಖ ಸಪ್ಪಗಾಯಿತು.

"ಕಾರ್ಡ್ ಚೆನ್ನಾಗೇ ಇದೆ ಮೇಡಂ. ಡ್ರೈವರ್‌ಗೆ ತಡೆ ಹಾಕಿತ್ತು, ತೆಗೆದೆ," ಎಂದಳು ಪುಟ್ಟಿ, ಅಲ್ಲೇ ನಿಂತಿದ್ದ ಡಾಕ್ಟರಮ್ಮನಿಗೆ.

"ಯಾರು ಹಾಕಿದ್ದು?" ಎಂದರು ಡಾಕ್ಟರಮ್ಮ.

ಕಣ್ತಪ್ಪಿನಿಂದ ಆಯಿತು ಅಂತಲಾದರೂ ಮಾವ ಹೇಳಲಿ ಎಂದು ಪುಟ್ಟಿ ಕಾದಳು. ಮಾವ ಪರದೆಯತ್ತ ಬಗ್ಗಿ, ಆ ಫೈಲ್ ತೆರೆದು, ಕೊನೆಯವರೆಗೂ ನೋಡಿದ. ತನ್ನ ಸಾಲು ಅಲ್ಲಿಲ್ಲವೆಂದು ಖಾತ್ರಿಯಾದ ಮೇಲೆ ನೆಟ್ಟಗೆ ನಿಂತ.

"ಇವಳೇ ಗೊತ್ತಿಲ್ದೆ ಏನೋ ಒತ್ತಿರ್ತಾಳೆ ಮೇಡಂ. ಹೊಸಬಳು, ಬೈಬೇಡಿ. ಇನ್ನೊಂದಾರು ತಿಂಗಳು ನಾನೇ ಜೊತೇಲಿದ್ದು ತಿದ್ದುತೀನಿ."

ಡಾಕ್ಟರಮ್ಮ ತಲೆಯಾಡಿಸಿದರು. "ಹಾಗೇ ಮಾಡಿ. ಇವಳ ಖಾಯಂ ವಿಷಯ ಆಮೇಲೆ ನೋಡಿದ್ರಾಯ್ತು."

ತೋರಿಸೋಣವೆಂದರೆ ಪುಟ್ಟಿಯ ಬಳಿ ಏನೂ ಉಳಿದಿರಲಿಲ್ಲ, ಅಳಿಸಿದವಳು ಅವಳೇ. ಮಾವ ಅವಳ ಬೆನ್ನು ತಟ್ಟಿ ಕುರ್ಚಿ ಎಳೆದುಕೊಂಡು ಕೂತ.

ಮಧ್ಯಾಹ್ನ ಅಮ್ಮನ ಫೋನ್ ಬಂತು.

"ಏನೇ, ಕಂಪ್ಯೂಟರ್ ಕೆಡಿಸಿಟ್ಟಿದ್ಯಂತೆ! ಮಾವ ಹೋಗಿ ನಿನ್ನ ಮಾನ ಉಳಿಸಿದ್ನಂತೆ. ಇಂಥ ಮಾವ ಸಿಗೋಕೆ ಪುಣ್ಯ ಮಾಡಿರ್ಬೇಕು ಕಣೇ. ಸಂಜೆ ಊಟಕ್ಕೆ ಕರೆದಿದೀನಿ, ಬೇಗ ಬಾ."

"ನೀನೇ ಬಡಿಸಮ್ಮ," ಎಂದಳು ಪುಟ್ಟಿ. "ಅವನಿಗೆ ಅನ್ನ ಹಾಕೋಕೆ ನನ್ನ ಕೈ ಬರಲ್ಲ."